ಇನ್ನೊಂದು ಕೋಟು

ಅವನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಬಣ್ಣದವನು ಬಚ್ಚಲಮನೆಯ ಬಾಗಿಲಿನಾಚೆ ನಿಂತು, "ಇವತ್ತಿಗೆ ಮುಗಿದುಹೋಗುತ್ತೆ ಸಾರ್," ಎಂದ. ಒಳ್ಳೆಯ ಸುದ್ದಿ ತಂದವನ ದನಿ ಅದು. ಕನ್ನಡಿಯೊಳಗೆ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡಿದ್ದ ಮನುಷ್ಯ ಬೆಚ್ಚಿಬಿದ್ದದ್ದನ್ನು ಅವನೇ ನೋಡಿದ. ಬ್ಲೇಡು ಗದ್ದದ ತುದಿಯಲ್ಲಿ ಜಾರಿ ನೊರೆಯೊಳಗೆ ಕೆಂಪು ಎಳೆಯೊಂದು ಇಳಿಯಿತು. "ಹೇಗೆ ಮುಗಿಯುತ್ತೆ? ಆ ಕಲೆ ಮತ್ತೆ ಎದ್ದಿರುತ್ತೆ, ಹೋಗಿ ನೋಡು," ಎಂದ. "ಏಳಲ್ಲ ಸಾರ್. ನಿನ್ನೆ ನೀವು ಬರೋಕೆ ಮುಂಚೆ ಅದರ ಮೇಲೆ ಅರಗಿನ ಪಾಲಿಶ್ ಎಳೆದುಬಿಟ್ಟೆ. ಇನ್ನು ಅದರಪ್ಪ ಬಂದ್ರೂ ಏಳಲ್ಲ." ಹಾಗಾದರೆ ಅದನ್ನು ಮೊದಲ ದಿನವೇ ಯಾಕೆ ಎಳೆಯಲಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಬಣ್ಣದವನು ನಿಜ ಹೇಳಿಬಿಟ್ಟಾನು ಎಂಬ ಭಯ. ಗದ್ದಕ್ಕೆ ಹತ್ತಿ ಒತ್ತಿಕೊಂಡು, ಇವತ್ತು ಸಂಜೆ ಅಕ್ಕ ಫೋನು ಮಾಡಿದಾಗ ಏನು ಹೇಳುವುದು ಎಂದು ಯೋಚಿಸುತ್ತ ನಿಂತ.

ಅಕ್ಕ ದಿನಾ ಸಂಜೆ ಫೋನು ಮಾಡುತ್ತಾಳೆ. ಊರಿನ ಆ ತುದಿಯ ಆರೈಕೆ ಮನೆಯಲ್ಲಿ, ಊಟದ ಗಂಟೆಗೆ ಮುಂಚೆ, ಅಲ್ಲಿನ ಆಯಾ ತನ್ನ ಫೋನನ್ನು ಅವಳ ಕೈಗೆ ಕೊಡುತ್ತಾಳೆ. ಅಕ್ಕ ಕೇಳುವುದು ಒಂದೇ ಮಾತು: "ಬಣ್ಣ ಒಣಗಿತೇನೋ ಮರಿ?" ತಲೆ ಅರ್ಧ ನರೆತ ಮೇಲೂ ಅವಳಿಗೆ ಅವನು ಮರಿಯೇ. ಇನ್ನೂ ಹಸಿ ಇದೆ ಅಕ್ಕ ಎನ್ನುತ್ತಾನೆ. ಚೆನ್ನಾಗಿ ಒಣಗಲಿ ಬಿಡು, ಆತುರ ಏನಿಲ್ಲ ಎಂದು ಅವಳೇ ಅವನಿಗೆ ಸಮಾಧಾನ ಹೇಳಿ ಇಡುತ್ತಾಳೆ. ಬಣ್ಣದ ಮಾತು ಮೊದಲ ಸಲ ತನ್ನ ಬಾಯಿಗೆ ಹೇಗೆ ಬಂತೆಂದು ಅವನಿಗೆ ಇವತ್ತಿಗೂ ತಿಳಿಯದು. ಅಕ್ಕ ಎರಡು ಸಲ ಗ್ಯಾಸು ಹಚ್ಚಿಟ್ಟು ಮರೆತಿದ್ದಳು. ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ಹಗಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಆರೈಕೆ ಮನೆಗೆ ಮುಂಗಡ ಕಟ್ಟಿ ಬಂದವನು ನೇರ ಹೇಳಬೇಕೆಂದೇ ಅವಳ ಕೋಣೆಗೆ ಹೋಗಿದ್ದ. ಅವಳು ಗೋಡೆಗೆ ತಲೆಯಾನಿಸಿ ಕೂತು ಅವನ ಅಂಗಿಗೇ ಗುಂಡಿ ಹೊಲಿಯುತ್ತಿದ್ದಳು. ನಾಲಗೆ ತನ್ನಷ್ಟಕ್ಕೆ ತಾನೇ ಹೊರಳಿತು: "ಅಕ್ಕ, ನಿನ್ನ ಕೋಣೆಗೆ ಬಣ್ಣ ಹೊಡಿಸ್ತಿದೀನಿ. ನಿನಗೆ ಉಬ್ಬಸ, ಆ ವಾಸನೆ ಆಗಲ್ಲ. ಒಣಗೋ ತನಕ ಬೇರೆ ಕಡೆ ಇರು." ಅವಳು ಸೂಜಿ ನಿಲ್ಲಿಸಿ, ಗೋಡೆಯನ್ನು ಹೊಸದಾಗಿ ನೋಡುವವಳಂತೆ ನಾಲ್ಕೂ ಕಡೆ ನೋಡಿ, "ಯಾವ ಬಣ್ಣ?" ಎಂದಳು.

ಅಲ್ಲಿಗೆ ಅವನು ಸಿಕ್ಕಿಬಿದ್ದ. ಬಣ್ಣ ಹೊಡೆಸುವ ಯೋಚನೆಯೇ ಇರದವನ ಎದುರು ಅವಳು ಬಣ್ಣ ಆರಿಸಲು ಕೂತಳು. ಹಳದಿ ಬೇಡ, ಕಾಮಾಲೆ ನೆನಪಾಗುತ್ತೆ. ನೀಲಿ ಆಸ್ಪತ್ರೆ ಥರ. ಹಸಿರು, ಆದರೆ ಕಡು ಹಸಿರಲ್ಲ, ಆಗತಾನೇ ಬಿಟ್ಟ ಚಿಗುರು ಇರುತ್ತಲ್ಲ, ಅದು. ತುಂಬ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಳೆಂದು ಕಾಣುತ್ತದೆ. ಎರಡು ಜೊತೆ ಬಟ್ಟೆ ಮಾತ್ರ ಚೀಲಕ್ಕೆ ತುಂಬಿಕೊಂಡು, ಕತ್ತರಿ, ದಾರದ ಡಬ್ಬ, ಇನ್ನೊಂದು ಕನ್ನಡಕ ಎಲ್ಲವನ್ನೂ ಗೂಡಿನಲ್ಲಿ ಹಾಗೇ ಬಿಟ್ಟು ಹೋದಳು. ಮೊದಲ ಸಂಜೆಯೇ ಫೋನು ಬಂತು, ಶುರುವಾಯಿತೇನೋ ಎಂದು. ಹೂಂ ಅಂದುಬಿಟ್ಟ. ಆ ರಾತ್ರಿ ಅವನು ಗಡದ್ದಾಗಿ ನಿದ್ದೆ ಮಾಡಿದ. ಎಷ್ಟೋ ತಿಂಗಳಿಂದ ಕಾಣದಿದ್ದ ನಿದ್ದೆ. ಬೆಳಿಗ್ಗೆ ಎದ್ದಾಗ ಆ ನಿದ್ದೆಯ ಸುಖವೇ ಮೈಗೆ ಅಂಟಿದ ಹೊಲಸಿನಂತಾಗಿ, ಹೇಳಿದ ಸುಳ್ಳನ್ನು ಸುಳ್ಳಲ್ಲದಂತೆ ಮಾಡಲು, ಬಣ್ಣದಂಗಡಿಯ ಮುಂದೆ ಕೆಲಸಕ್ಕೆ ಕಾದು ಕೂರುವವರ ಸಾಲಿಗೆ ಹೋಗಿ ಒಬ್ಬನನ್ನು ಕರೆತಂದ.

ಬಣ್ಣದವನು ಬಾಯಿ ಬಡಾಯಿಯ ಮನುಷ್ಯ. ಹುಬ್ಬಿನ ಕೂದಲಲ್ಲಿ ಯಾವುದೋ ಹಳೆಯ ಮನೆಯ ಬಿಳಿ ಚುಕ್ಕೆಗಳು ಇನ್ನೂ ಇದ್ದವು. ಕೋಣೆಯ ನಡುವೆ ನಿಂತು ಒಂದು ಸುತ್ತು ತಿರುಗಿ, ಕಣ್ಣಲ್ಲೇ ಅಳೆದು, ಮೂಗಿಗೆ ಬೆರಳಿಟ್ಟುಕೊಂಡು ಗುತ್ತಿಗೆ ದರ ಹೇಳಿದ. "ಗುತ್ತಿಗೆ ಬೇಡ, ದಿನಗೂಲಿ ಮೇಲೆ ಮಾಡು," ಎಂದ ಅವನು. ಬಣ್ಣದವನಿಗೆ ಅರ್ಥವಾಗಲಿಲ್ಲ. "ದಿನಗೂಲಿ ಅಂದ್ರೆ ನಿಮಗೇ ಲುಕ್ಸಾನು ಸಾರ್. ನಮ್ಮ ಜನ ಬ್ರಷ್ಷು ನೆನೆಸೋಕೇ ಅರ್ಧ ದಿನ ಮಾಡ್ತಾರೆ." "ಮಾಡಲಿ. ನನಗೆ ಆತುರ ಇಲ್ಲ." ಬಣ್ಣದವನು ನಕ್ಕುಬಿಟ್ಟ. "ಇಷ್ಟು ವರ್ಷಕ್ಕೆ ಬೇಗ ಬೇಗ ಅನ್ನೋರನ್ನೇ ನೋಡಿದ್ದು ಸಾರ್. ಆತುರ ಇಲ್ಲ ಅಂದ ಪುಣ್ಯಾತ್ಮ ನೀವೊಬ್ಬರೇ." ಪುಣ್ಯಾತ್ಮ ಎಂಬ ಮಾತು ಚುಚ್ಚಿತು, ಆದರೆ ಅದನ್ನು ತಿದ್ದುವ ಹಾಗಿರಲಿಲ್ಲ. ಪುಟ್ಟಿ ಬಳಿದಾಗ ಅಲ್ಲಿ ಗುಂಡಿ, ಇಲ್ಲಿ ಉಬ್ಬು ಎಂದು ಬೆರಳಾಡಿಸಿ ಮತ್ತೆ ಉಜ್ಜಿಸಿದ. ಮೊದಲ ಹಸಿರು ಕಡು ಆಯಿತೆಂದ, ಎರಡನೆಯದು ತೆಳು ಆಯಿತೆಂದ. ಕಿಟಕಿಯ ಸರಳು, ಬಾಗಿಲ ಹಿಂಬದಿ, ಗೂಡಿನ ಒಳಮೈ, ಯಾರೂ ತಲೆಯೆತ್ತಿ ನೋಡದ ಮೂಲೆ, ಎಲ್ಲಕ್ಕೂ ಕೆಲಸ ಹುಡುಕಿದ. ಮನೆ ಕಟ್ಟುವಾಗಲೂ ಇಷ್ಟು ಮುತುವರ್ಜಿ ವಹಿಸಿರಲಿಲ್ಲ ಅವನು.

ಅಕ್ಕನ ತಲೆಯ ಗುರುತು ಅವನ ನೆರವಿಗೆ ಬಂತು. ಮಂಚದ ಮೇಲೆ ಕೂತು ಗೋಡೆಗೆ ಒರಗಿ ಹೊಲಿಯುತ್ತ ಹೊಲಿಯುತ್ತ ಅವಳ ಎಣ್ಣೆತಲೆ ಗೋಡೆಯ ಮೇಲೆ ಒಂದು ಕಂದು ಬಟ್ಟಲನ್ನು ಮೂಡಿಸಿತ್ತು. ಅದರ ಮೇಲೆ ಎಷ್ಟು ಬಣ್ಣ ಬಳಿದರೂ ಬೆಳಗಾಗುವಷ್ಟರಲ್ಲಿ ಅದು ಮೆಲ್ಲಗೆ ಮೇಲೆ ಬರುತ್ತಿತ್ತು. ಅವನು ಎದ್ದ ಕೂಡಲೇ ಮುಖ ಕೂಡ ತೊಳೆಯದೆ ಹೋಗಿ ಅದನ್ನು ನೋಡುತ್ತಿದ್ದ. ಇದೆ ಎಂದು ಕಂಡಾಗ ಎದೆ ಹಗುರಾಗುತ್ತಿತ್ತು. ಇವತ್ತೊಂದು ದಿನ ನೋಡಲು ಹೋಗಿರಲಿಲ್ಲ. ಸಂಜೆ ಫೋನಿನಲ್ಲಿ, "ನಿನ್ನ ತಲೆ ಗುರುತೇ ಹೋಗ್ತಿಲ್ಲ ಅಕ್ಕ, ಅದಕ್ಕೇ ತಡ," ಎಂದು ಹೇಳಿದ್ದೂ ಉಂಟು. ತಪ್ಪು ಅವಳದೇ ಎಂಬಂತೆ. ಅವಳು ನಕ್ಕು, "ನನ್ನ ಥರಾನೇ ಮೊಂಡು ಅದು," ಎಂದಿದ್ದಳು.

ತಿಂಡಿಗೆ ಕೂತಾಗ ಹೆಂಡತಿ ಅವನ ಗದ್ದದ ಹತ್ತಿ ನೋಡಿದಳು. ಅವಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ. "ಇವತ್ತು ಮುಗಿಯುತ್ತಂತಲ್ಲ. ಅಕ್ಕನಿಗೆ ಏನು ಹೇಳ್ತೀರಿ?" ಅವನು ನೋಡೋಣ ಎಂದ. "ಎಷ್ಟು ದಿನ ನೋಡ್ತೀರಿ? ಕರ್ಕೊಂಡು ಬರೋದಾದ್ರೆ ಬನ್ನಿ, ಹಗಲು ಯಾರನ್ನಾದ್ರೂ ಗೊತ್ತು ಮಾಡೋಣ, ಕಷ್ಟವೋ ಸುಖವೋ. ಇಲ್ಲ ಅನ್ನೋದಾದ್ರೆ ಹೋಗಿ ಎದುರಿಗೆ ಕೂತು ಹೇಳಿ. ಆದರೆ ನನ್ನ ಹೆಸರು ಮಾತ್ರ ತರಬೇಡಿ. ಅವರನ್ನ ಕಳಿಸಿ ಅಂತ ನಾನು ಒಂದು ದಿನಾನೂ ಅಂದವಳಲ್ಲ." ಅದು ನಿಜ. ಅದೇ ಕಷ್ಟ. ಒದ್ದೆ ಹಾಸಿಗೆಯನ್ನು ತುಟಿ ಪಿಟಕ್ಕೆನ್ನದೆ ಒಗೆದವಳು ಅವಳು. ಮೂಗು ಮುಚ್ಚಿಕೊಂಡು ಪಕ್ಕದ ಕೋಣೆಗೆ ಹೋಗಿ ಕೂರುತ್ತಿದ್ದವನು ಅವನು. ಹೆಂಡತಿ ಒಂದಿಷ್ಟು ಜಗಳವಾಡಿದ್ದರೆ, ಇವಳ ಕಾಟ ತಾಳಲಾರದೆ ಕಳಿಸಿದೆ ಎಂದು ಊರಿಗೂ ತನಗೂ ಹೇಳಿಕೊಂಡು ಹಾಯಾಗಿರಬಹುದಿತ್ತು. ಆ ಒಂದು ಉಪಕಾರವನ್ನೂ ಅವಳು ಮಾಡಲಿಲ್ಲ. ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದ.

ಹೊರಡುವಾಗ ಕೋಣೆಗೆ ಇಣುಕಿದ. ಬಣ್ಣದವನು ರೋಲರು ಎತ್ತಿಟ್ಟು, ಏಣಿ ಹತ್ತಿ ಮೂಲೆಗಳಿಗೆ ಸಣ್ಣ ಬ್ರಷ್ಷು ಹಿಡಿದಿದ್ದ. ಅವನು ಜೇಬಿಗೆ ಕೈ ಹಾಕಿ, "ಇನ್ನೊಂದು ಕೋಟು ಹಾಕಿಬಿಡು. ನಾಳೆ, ನಾಡಿದ್ದು, ನಿಧಾನಕ್ಕೆ. ಕೂಲಿ ಜಾಸ್ತಿ ಮಾಡಿಕೊಡ್ತೀನಿ," ಎಂದ. ಬಣ್ಣದವನು ಏಣಿ ಇಳಿದು ಬಂದ. "ಬೇಡ ಸಾರ್. ಗೋಡೆಗೂ ಹೊಟ್ಟೆ ಅಂತ ಒಂದಿರುತ್ತೆ, ಎಷ್ಟು ಅಂತ ಕುಡಿಯುತ್ತೆ? ಇನ್ನು ಬಳಿದ್ರೆ ಹೊಪ್ಪಳಿಕೆ ಏಳುತ್ತೆ." ಸ್ವಲ್ಪ ತಡೆದು, "ಅದೂ ಅಲ್ಲದೆ ಟೀ ಅಂಗಡೀಲಿ ನಮ್ಮವರು ಆಡ್ಕೋತಾರೆ. ಏನು ಗುರು, ಅರಮನೆಗೆ ಹೊಡೀತಿದೀಯ ಇಲ್ಲ ಅಲ್ಲೇ ಮದುವೆ ಮಾಡ್ಕೊಂಡ್ಯಾ ಅಂತಾರೆ. ಒಂದು ಕೋಣೆ ಹಿಡ್ಕೊಂಡು ಕೂತವನು ಅಂತ ಹೆಸರು ಬಿದ್ರೆ ನಾಳೆ ಯಾರು ಕರೀತಾರೆ?" ಎಂದ. ಆಮೇಲೆ ದನಿ ತಗ್ಗಿಸಿ ಸೇರಿಸಿದ: "ನೀವು ನಿಧಾನ ಅಂದ್ರಿ, ನಾನೂ ನಿಧಾನ ಮಾಡಿದೆ. ನನಗೇನು, ಕೂಲಿ ಬಂತು. ಆದರೆ ಮೊನ್ನೆ ಫೋನಲ್ಲಿ ಅವರು ಕೇಳಿದ್ದು, ನೀವು ಹೇಳಿದ್ದು ಎಲ್ಲ ನನ್ನ ಕಿವಿಗೆ ಬಿತ್ತು. ಆಮೇಲೆ ಕೈಯೇ ಓಡಲ್ಲ ಸಾರ್." ಅವನಿಗೆ ಸಿಟ್ಟು ಬಂತು, ಕೂಲಿಯವನಿಂದ ಇದನ್ನೆಲ್ಲ ಕೇಳಬೇಕೇ ಎಂದು. ಬಾಯಿಗೆ ಬಂದದ್ದು ಮಾತ್ರ, "ಸಂಜೆ ಬಂದು ಲೆಕ್ಕ ಮಾಡ್ತೀನಿ, ಇರು," ಎಂಬ ಮಾತು.

ವಿಮಾ ಕಚೇರಿಯಲ್ಲಿ ಅವನ ಮೇಜು ಕಿಟಕಿಗೆ ಬೆನ್ನು ಹಾಕಿದೆ. ಪರಿಹಾರ ಕೇಳಿ ಬಂದವರ ಅರ್ಜಿ ಅವನ ಮೂಲಕ ಹೋಗಬೇಕು. ಅವನನ್ನು ಕಂಡರೆ ಮೇಲಿನವರಿಗೆ ಇಷ್ಟ, ಏಕೆಂದರೆ ಅವನು ಯಾರಿಗೂ ಇಲ್ಲ ಎನ್ನುವುದಿಲ್ಲ, ಹಾಗೆಂದು ಯಾರಿಗೂ ಕೊಡುವುದೂ ಇಲ್ಲ. ಪರಿಶೀಲನೆಯಲ್ಲಿದೆ ಎಂಬ ಒಂದು ಮಾತನ್ನು ಹತ್ತು ಬಗೆಯಲ್ಲಿ ಹೇಳಬಲ್ಲ. ಕೇಳಿದವರು ಕೈ ಮುಗಿದು ಹೋಗುತ್ತಾರೆ. ಅಂಗಡಿ ಸುಟ್ಟುಹೋದ ಹೆಂಗಸೊಬ್ಬಳು ವಾರ ವಾರ ಬರುತ್ತಿದ್ದಳು. ಇವತ್ತೂ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವನು ರೂಢಿಯ ಮಾತು ಹೇಳಿದಾಗ ಎಂದಿನಂತೆ ಎದ್ದು ಹೋಗದೆ, "ಇಲ್ಲ ಅಂತಾದ್ರೂ ಹೇಳಿಬಿಡಿ ಸಾರ್. ಇಲ್ಲ ಅಂದ್ರೆ ಬರೋದು ನಿಲ್ಲಿಸ್ತೀನಿ. ನೀವು ಆಗಲ್ಲ ಅನ್ನಲ್ಲ, ನನಗೆ ಮನೇಲಿ ಕೂರೋಕೆ ಆಗಲ್ಲ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಆದರೂ ಪಕ್ಕದ ಮೇಜಿನವನು ತಲೆಯೆತ್ತಿ ನೋಡಿದ. ಅವನಿಗೆ ಆ ಹೆಂಗಸಿನ ಕಂಕುಳಲ್ಲಿದ್ದ ಚೀಲ ಕಂಡಿತು, ಅದರ ಬಾಯಿಗೆ ಕಟ್ಟಿದ ಗಂಟು ಕಂಡಿತು.

ಅಕ್ಕನ ಚೀಲಕ್ಕೂ ಅಂಥದೇ ಗಂಟು. ಕಳೆದ ಭಾನುವಾರ ನೋಡಲು ಹೋದಾಗ ಅದು ಮಂಚದ ಕೆಳಗೆ ಹಾಗೇ ಇತ್ತು. ಉಳಿದ ಮುದುಕಿಯರೆಲ್ಲ ಗೋಡೆಯ ಗೂಡುಗಳಲ್ಲಿ ತಮ್ಮ ತಮ್ಮ ಬಟ್ಟೆ, ಬಾಚಣಿಗೆ, ಮೊಮ್ಮಕ್ಕಳ ಫೋಟೋ ಇಟ್ಟುಕೊಂಡಿದ್ದರು. ಅಕ್ಕನ ಗೂಡು ಖಾಲಿ. ಬಿಚ್ಚಲಿಲ್ಲವಾ ಎಂದು ಕೇಳಿದ್ದಕ್ಕೆ, "ಇವತ್ತು ನಾಳೆ ಬರೋಳು, ಬಿಚ್ಚಿದ್ರೆ ಮತ್ತೆ ಕಟ್ಟೋದು ಯಾರು?" ಎಂದಳು. ಪಕ್ಕದ ಮಂಚದ ಹೆಂಗಸು ಮುಸುಕಿನೊಳಗಿಂದಲೇ, "ನಾನೂ ಬಂದಾಗ ಹಾಗೇ ಅಂದಿದ್ದೆ," ಎಂದು ನಕ್ಕಳು. ಅಕ್ಕ ಅತ್ತ ತಿರುಗದೆ ಅವನ ಅಂಗಿಯ ಕಾಲರು ಸರಿಮಾಡಿ, ಗುಂಡಿ ಸಡಿಲವಾಗಿದೆಯೆಂದು ಹೇಳಿ, ಹೊಲಿಯಲು ಸೂಜಿಗಾಗಿ ಹಾಸಿಗೆಯನ್ನೆಲ್ಲ ತಡಕಿದಳು. ಸೂಜಿ ಮನೆಯಲ್ಲಿತ್ತು. ಅಕ್ಕ ಊರ ಮಕ್ಕಳ ಶಾಲೆಯ ಅಂಗಿಗಳನ್ನು ಹೊಲಿದು ಅವನನ್ನು ಓದಿಸಿದವಳು. ಹೊಲಿಗೆ ಯಂತ್ರದ ಸದ್ದಿನಲ್ಲೇ ಅವನು ಮಗ್ಗಿ ಕಲಿತದ್ದು, ಅದರ ಕೆಳಗೆ ಮಲಗಿದ್ದು, ಒಂದು ದಿನ ಅದರ ಎಣ್ಣೆ ಕುಪ್ಪಿಯನ್ನು ಒದ್ದು ಯಾರದೋ ಹೊಸ ಬಟ್ಟೆಯ ಮೇಲೆಲ್ಲ ಚೆಲ್ಲಿದ್ದು. ಬಟ್ಟೆಯ ಯಜಮಾನ ಬಂದು ಕಣ್ಣು ಕೆಂಪಗೆ ಮಾಡಿಕೊಂಡು ಯಾರು ಚೆಲ್ಲಿದ್ದು ಎಂದ. ಅಕ್ಕ ಯಂತ್ರದಿಂದ ತಲೆಯೆತ್ತದೆ, "ನಾನೇ," ಎಂದಳು. ಆ ಮನುಷ್ಯನಿಗೆ ನಂಬಿಕೆ ಬರಲಿಲ್ಲ. ಬಾಗಿ ಹುಡುಗನ ಮುಖಕ್ಕೆ ಮುಖ ತಂದು, "ಹೌದೇನೋ?" ಎಂದ. ಹುಡುಗ "ಹೂಂ, ಅಕ್ಕಾನೇ," ಎಂದ. ಆ ಮನುಷ್ಯ ಅಕ್ಕನಿಗೆ ಆಡಬಾರದ ಮಾತೆಲ್ಲ ಆಡಿ ಹೋದ ಮೇಲೆ ಅವಳು ಹುಡುಗನ ಕೈಗೆ ಸಾಬೂನು ಹಚ್ಚಿ ತೊಳೆದಳು, ಒಂದೊಂದೇ ಬೆರಳು. ಬೈಯಲಿಲ್ಲ. ಈಗ ಕಚೇರಿಯ ಬೆಂಚಿನ ಮೇಲೆ ಕೂತ ಹೆಂಗಸು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಮುಂದಿನ ವಾರ ಬನ್ನಿ ಎಂದ ಅವನು.

ಅರ್ಧ ದಿನ ರಜೆ ಹಾಕಿ ಹೊರಬಿದ್ದ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಯಾರದೋ ಮನೆಯ ಮಹಡಿಯ ಮೇಲೆ ಒಗೆದ ಬಟ್ಟೆಗಳು ಹಾರಾಡುತ್ತಿದ್ದವು. ಹಠಾತ್ತನೆ ಎಲ್ಲ ಸುಲಭವಾಗಿ ಕಂಡಿತು. ಕರೆತಂದರಾಯಿತು. ಹಗಲಿಗೆ ಒಬ್ಬಳನ್ನು ಗೊತ್ತುಮಾಡಿದರಾಯಿತು, ಗ್ಯಾಸಿನ ಕೀಲಿ ತಿರುಗಿಸಿಟ್ಟು ಹೋದರಾಯಿತು, ಹಾಸಿಗೆಯನ್ನು ತಾನೇ ಒಗೆದರಾಯಿತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರುಹೊಡೆದ: ಅಕ್ಕ, ಬಣ್ಣ ಒಣಗಿದೆ, ಬೆಳಿಗ್ಗೆ ಬರ್ತೀನಿ, ಚೀಲ ಹಿಡ್ಕೊಂಡು ಸಿದ್ಧವಾಗಿರು. ಇಷ್ಟೇ. ಇಷ್ಟಕ್ಕಾಗಿ ಇಷ್ಟು ದಿನ ಕಳ್ಳನಂತೆ ಬದುಕಿದೆನಲ್ಲ ಎಂದು ತನ್ನ ಮೇಲೆ ನಗು ಬಂತು. ಕಂಡಕ್ಟರು ಚಿಲ್ಲರೆಗಾಗಿ ಎಲ್ಲರೆದುರು ಗದರಿದ್ದೂ ನಾಟಲಿಲ್ಲ. ತನ್ನ ನಿಲ್ದಾಣದಲ್ಲಿ ಇಳಿದಾಗ, ರಾತ್ರಿಯ ಹೊತ್ತು ಗೋಡೆಯಾಚೆಯಿಂದ "ಮರೀ, ಮರೀ" ಎಂದು ಕರೆಯುವ ದನಿ ನೆನಪಾಯಿತು. ದಿಂಬನ್ನು ಕಿವಿಗೆ ಒತ್ತಿಕೊಂಡು, ಹೆಂಡತಿ ಎದ್ದು ಹೋಗುವ ತನಕ ನಿದ್ದೆ ಬಂದವನಂತೆ ಬಿದ್ದುಕೊಂಡಿರುತ್ತಿದ್ದದ್ದೂ ನೆನಪಾಯಿತು. ಕಾಲು ನಿಧಾನವಾಯಿತು.

ಮನೆ ತಲುಪಿದಾಗ ಹೆಂಡತಿ ಇನ್ನೂ ಬಂದಿರಲಿಲ್ಲ. ಬಣ್ಣದವನು ನೆಲಕ್ಕೆ ಹಾಸಿದ್ದ ಹಳೆ ಕಾಗದಗಳನ್ನೆಲ್ಲ ಸುರುಳಿ ಸುತ್ತಿ, ನೆಲವನ್ನೂ ಒರೆಸಿ, ಬ್ರಷ್ಷುಗಳನ್ನು ತೊಳೆದು ಕೋಣೆಯ ನಡುವೆ ಕೂತಿದ್ದ. ಕಿಟಕಿಯಿಂದ ಇಳಿಬಿಸಿಲು ಬಿದ್ದು ಕೋಣೆಯೆಲ್ಲ ಎಳೆ ಹಸಿರಾಗಿತ್ತು. ಅಕ್ಕ ಹೇಳಿದ ಚಿಗುರು ಇದೇ, ಅವನಿಗೆ ಅನುಮಾನವೇ ಉಳಿಯಲಿಲ್ಲ. ಮಂಚದ ಹಿಂದಿನ ಗೋಡೆಯ ಮುಂದೆ ನಿಂತು, ಗುರುತು ಇದ್ದ ಜಾಗವನ್ನು ಬೆರಳಿನಿಂದ ಹುಡುಕಿದ. ಎಲ್ಲಿ ಇತ್ತೆಂದೇ ತಿಳಿಯಲಿಲ್ಲ. "ಹೇಗಿದೆ ಸಾರ್?" ಎಂದ ಬಣ್ಣದವನು. ಚೆನ್ನಾಗಿದೆ ಎಂದ. "ಬಾಯ್ತುಂಬ ಹೇಳಿ ಸಾರ್, ಇಷ್ಟು ಸಲ ಹೊಡಿಸಿದೀರ." ಅದಕ್ಕೆ ನಗಲಾರದೆ, ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ದುಡ್ಡು ತರಲು ಬೀರುವಿನ ಕಡೆ ಹೋದ. ಬೀರುವಿನ ಬಾಗಿಲು ತೆರೆದಿದ್ದನಷ್ಟೆ, ಆ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು, ನಿಂತಿತು. ಬಣ್ಣದವನ ದನಿ ಕೇಳಿಸಿತು. ದೂರದವರೊಡನೆ ಮಾತಾಡುವಾಗ ಕೂಗುವ ಜಾತಿ ಅವನು. "ಹಾಂ ಅಕ್ಕಾವ್ರೇ, ನಾನು ಬಣ್ಣದವನು! ಮುಗೀತು, ಮುಗೀತು! ಪೂರ್ತಿ ಒಣಗಿದೆ, ಕೈಯಿಟ್ಟರೂ ಅಂಟಲ್ಲ. ನಾಳೇನೇ ಬಂದುಬಿಡಿ!"

ಅವನು ಓಡಿಬಂದು ಫೋನು ಕಿತ್ತುಕೊಂಡಂತೆ ತೆಗೆದುಕೊಂಡ. ಆ ಕಡೆ ಅಕ್ಕನ ಉಸಿರು, ಉಬ್ಬಸದ ಸಣ್ಣ ಸಿಳ್ಳು. ಹಿಂದೆ ಎಲ್ಲೋ ತಟ್ಟೆಗಳ ಸದ್ದು.

"ಮುಗೀತಂತಲ್ಲೋ?"

"ಹೂಂ ಅಕ್ಕ."

"ಹೇಗೆ ಕಾಣುತ್ತೆ?"

"ನೀನು ಹೇಳಿದ ಹಸಿರೇ ಬಂದಿದೆ. ಚೆನ್ನಾಗಿದೆ."

"ನನ್ನ ತಲೆ ಗುರುತು?"

"ಹೋಯ್ತು."

ಈಗ ಹೇಳಬೇಕಾಗಿತ್ತು. ಬಸ್ಸಿನಲ್ಲಿ ಉರುಹೊಡೆದ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಆ ಕಡೆ ಅಕ್ಕ ಕಾಯುತ್ತಿದ್ದಳು. ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ತಟ್ಟೆಗಳ ಸದ್ದು ಹತ್ತಿರ ಬಂದು ದೂರ ಹೋಯಿತು. ಬಣ್ಣದವನು ಏಣಿ ಮಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದ.

"ಮರೀ, ಒಂದು ಮಾತು ಹೇಳ್ತೀನಿ ಕೇಳು," ಎಂದಳು ಅಕ್ಕ. ದನಿ ತೀರಾ ಸಲೀಸಾಗಿತ್ತು. "ಆ ವಾಸನೆ ನೆನೆಸಿಕೊಂಡ್ರೇ ನನಗೆ ಉಸಿರು ಕಟ್ಟುತ್ತೆ ಕಣೋ. ಇನ್ನೊಂದು ಕೋಟು ಹೊಡಿಸಿಬಿಡು. ಒಣಗಲಿ ನಿಧಾನಕ್ಕೆ."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಯಾರಾದ್ರೂ ಕೇಳಿದ್ರೆ ನಾನೇ ಬೇಡ ಅಂದೆ ಅನ್ನು. ಸರೀನಾ?"

ಇಲ್ಲ ಅಕ್ಕ ಎನ್ನಲು ಬಾಯಿ ತೆರೆದ. "ಹೂಂ," ಎಂದ.

"ಬೆಳಿಗ್ಗೆ ಚೀಲ ಬಿಚ್ಚಿದೆ. ಬಟ್ಟೆ ಎಲ್ಲ ಮುಗ್ಗಲು ವಾಸನೆ ಹಿಡಿದಿತ್ತು, ಗೂಡಿನಲ್ಲಿ ಜೋಡಿಸಿಟ್ಟೆ. ಈ ಸಲ ಬರುವಾಗ ಸೂಜಿ ದಾರ ತಗೊಂಡು ಬಾ, ಆಯ್ತಾ? ಬಣ್ಣದವನನ್ನ ಕಾಯಿಸಬೇಡ, ಪಾಪ, ದುಡ್ಡು ಕೊಟ್ಟು ಕಳಿಸು." ಫೋನು ಇಟ್ಟಳು.

ಅವನು ಬೀರುವಿಗೆ ಮರಳಿ ಹೋಗಿ ದುಡ್ಡು ತಂದ. ಲೆಕ್ಕಕ್ಕಿಂತ ಹೆಚ್ಚೇ ಕೊಟ್ಟ. ಬಣ್ಣದವನು ನೋಟುಗಳನ್ನು ಎಣಿಸಿ, ಹೆಚ್ಚಿರುವುದನ್ನು ಕಂಡು, ಒಂದು ಗಳಿಗೆ ತಡೆದು, ಎಲ್ಲವನ್ನೂ ಒಟ್ಟಿಗೆ ಮಡಿಸಿ ಜೇಬಿಗೆ ಹಾಕಿಕೊಂಡ. ಬೇಡ ಅಂದಿದ್ದರೆ ಚೆನ್ನಾಗಿತ್ತು, ಅವನ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. "ನಾನು ಹೇಳಿದ್ದು ತಪ್ಪಾಯ್ತಾ ಸಾರ್?" ಎಂದ ಬಣ್ಣದವನು. ಇಲ್ಲ ಎಂದ ಅವನು. "ಇನ್ನೊಂದು ಕೋಟು ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಸಾರ್. ನನಗಾಗಲ್ಲ." ಏಣಿಯನ್ನು ಹೆಗಲಿಗೇರಿಸಿ, ಹೊಸ ಬಣ್ಣಕ್ಕೆ ತಾಗದಂತೆ ಬಾಗಿಲಲ್ಲಿ ಓರೆಯಾಗಿ ನುಸುಳಿ ಹೋದ.

ಹೆಂಡತಿ ಬಂದಾಗ ಅವನು ಅಕ್ಕನ ಮಂಚದ ಮೇಲೆ, ಗೋಡೆಗೆ ತಾಗದಂತೆ ಕೂತಿದ್ದ. ಅವಳು ಕೈಚೀಲ ಕೂಡ ಇಳಿಸದೆ ಬಾಗಿಲಲ್ಲಿ ನಿಂತು ಗೋಡೆಗಳನ್ನು ನೋಡಿದಳು. "ಚೆನ್ನಾಗಿ ಬಂದಿದೆ," ಎಂದಳು. ಆಮೇಲೆ, "ಫೋನು ಬಂತಾ? ಏನು ಹೇಳಿದ್ರಿ?"

"ಬರಲ್ವಂತೆ. ವಾಸನೆ ಆಗಲ್ಲ, ಇನ್ನೊಂದು ಕೋಟು ಹೊಡಿಸು ಅಂದಳು."

"ಯಾರು? ಅವರೇ ಹಾಗಂದ್ರಾ?"

"ಹೂಂ, ಅಕ್ಕಾನೇ," ಎಂದ.

ಅವಳು ಅವನನ್ನೇ ನೋಡಿ, ಕೈಚೀಲ ಇಳಿಸಿ ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದಾಯಿತು, ಒಗ್ಗರಣೆಯ ಪರಿಮಳ ಬಂತು. ತನಗೆ ಚೆನ್ನಾಗಿ ಹಸಿವಾಗಿದೆಯೆಂದು ಅವನಿಗೆ ಆಗ ತಿಳಿಯಿತು.